ಮಾವಿನ ಮರದ ಪುಯಾ

ಲಾ ಪಾಲ್ಮಿತಾ
ಮಾರ್ಚ್ 4, 2023

ದೇಯ್ಮರ್,

ನಿನ್ನ ವಿಡಿಯೊದ ಕೆಳಗೆ ನಾನು ಬರೆದದ್ದನ್ನು ನೀನು ಅಳಿಸಿಹಾಕಿದೆ. ನಾನು ಮತ್ತೆ ಬರೆದೆ, ನೀನು ಮತ್ತೆ ಅಳಿಸಿದೆ. ಆಮೇಲೆ ನನ್ನ ಫೋನ್ ನಂಬರನ್ನೇ ತಡೆದೆ. ಸರಿ, ಈಗ ಕಾಗದ ಬರೆಯುತ್ತಿದ್ದೇನೆ. ಮೆಡೆಲಿನ್ ಬಸ್ಸಿನ ಡ್ರೈವರ್ ನನ್ನ ಅಂಗಡಿಯಲ್ಲಿ ಮೊಟ್ಟೆ ತುಂಬಿ ಕರಿದ ಜೋಳದ ಅರೆಪಾ ತಿನ್ನದೆ ಸ್ಟೀರಿಂಗ್ ಹಿಡಿಯುವವನಲ್ಲ. ನಿನ್ನ ಬಾಗಿಲಿಗೇ ತಲುಪಿಸುತ್ತೇನೆಂದು ಮಾತು ಕೊಟ್ಟಿದ್ದಾನೆ. ಇದನ್ನು ಹೇಗೆ ಅಳಿಸುತ್ತೀಯೋ ನೋಡೋಣ.

ನಾನು ಯಾರೆಂದು ಮರೆತಿದ್ದರೆ ಹೇಳುತ್ತೇನೆ. ನಾನು ತೊರಿಬಿಯೊ ಬ್ರೊಚೇರೊನ ಮಗಳು ನೇವಿಸ್. ಹುಟ್ಟಿದ ದಿನ ನೀನು ಅಳದೆ ನೀಲಿಗಟ್ಟಿದಾಗ, ಪಾದ್ರಿ ಬರುವವರೆಗೆ ಕೂಸು ಉಳಿಯುವುದಿಲ್ಲವೆಂದು ನಿನ್ನಪ್ಪ ಚೇಮಾ ನಿನ್ನನ್ನು ಟವಲಿನಲ್ಲಿ ಸುತ್ತಿಕೊಂಡು ಬೀದಿಗೆ ಓಡಿಬಂದ. ಮೊದಲು ಎದುರಾದವನು ನನ್ನಪ್ಪ. ಅಲ್ಲೇ ನಿಂತು ನಿನ್ನ ನೆತ್ತಿಗೆ ಜ್ಞಾನಸ್ನಾನದ ನೀರು ಹಾಕಿ ಹೆಸರಿಟ್ಟ. ನೀನು ಕಿರುಚಿಕೊಂಡೆ, ಬದುಕಿದೆ. ನನ್ನಪ್ಪ ನಿನಗೆ ಪದ್ರಿನೊ ಆದ, ಧರ್ಮತಂದೆ. ನಡೆಯಲು ಬಂದಾಗಿನಿಂದ ನೀನು ನಮ್ಮ ಅಂಗಳದಲ್ಲೇ ಬೆಳೆದೆ, ನಮ್ಮ ತಟ್ಟೆಯಲ್ಲೇ ಉಂಡೆ. ಅಪ್ಪ ನಿನ್ನ ತೊಡೆಯ ಮೇಲೆ ಅಕಾರ್ಡಿಯನ್ ಇಟ್ಟು, ಗುಂಡಿ ಮುಟ್ಟಲು ಬಿಡದೆ, ತಿಂಗಳುಗಟ್ಟಲೆ ಬರೀ ತಿದಿ ಎಳೆದು ಒತ್ತುವುದನ್ನೇ ಮಾಡಿಸಿದ. "ಮೊದ್ಲು ಇದಕ್ಕೆ ಉಸಿರಾಡೋದು ಕಲ್ಸು. ಮಾತಾಡೋದು ಆಮೇಲೆ" ಎನ್ನುತ್ತಿದ್ದ.

ಹೋದ ಅಕ್ಟೋಬರಿನಲ್ಲಿ ನಿನ್ನ ಚಾನೆಲ್ಲಿನಲ್ಲಿ ಹೊಸ ಪಾಠ ಹಾಕಿದೆ. "ಫ್ರೆಂಡ್ಸ್, ಇದು ನನ್ನ ಸ್ವಂತ ರಚನೆ, ಹೆಸರು ‘ಊರ ಕಡೆಯ ಗಾಳಿ’" ಅಂತ ಹಲ್ಲು ಕಿಸಿದೆ. ಅಪ್ಪ ದಿನಾ ಸಂಜೆ ಅಂಗಳದಲ್ಲಿ ಕೂತು ನುಡಿಸುತ್ತಿದ್ದ ರಾಗ ಅದು. ಫೋನನ್ನು ಅವನ ಕೈಗೆ ಕೊಟ್ಟವಳು ನಾನೇ, ನಿನ್ನ ಶಿಷ್ಯ ಎಷ್ಟು ದೊಡ್ಡ ಮನುಷ್ಯ ಆಗಿದ್ದಾನೆ ನೋಡಪ್ಪಾ ಅಂತ. ಕೊನೆಯವರೆಗೂ ನೋಡಿದ. ಫೋನ್ ವಾಪಸ್ ಕೊಟ್ಟ. ಎದ್ದುಹೋಗಿ ಅಕಾರ್ಡಿಯನ್ನನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದ. ಜನವರಿಯಲ್ಲಿ ಸಾಯುವವರೆಗೂ ಅದನ್ನು ತೆಗೆಯಲೇ ಇಲ್ಲ. ಮಣ್ಣಿಗೂ ನೀನು ಬರಲಿಲ್ಲ.

ನನಗೆ ಬೇಕಾದದ್ದು ಒಂದೇ. ಆ ರಾಗದ ಕೆಳಗೆ ತೊರಿಬಿಯೊ ಬ್ರೊಚೇರೊ ಎಂದು ಬರೆ. ನನ್ನಪ್ಪ ಒಂದೂ ರೆಕಾರ್ಡ್ ಮಾಡಿದವನಲ್ಲ, ಅವನ ಹೆಸರು ಉಳಿಯಲು ಬೇರೆ ಜಾಗವಿಲ್ಲ. ಬರೆಯದಿದ್ದರೆ ಸುಮ್ಮನೆ ಕೂರುವವಳು ನಾನಲ್ಲ, ಅದು ನಿನಗೂ ಗೊತ್ತು.

ನೇವಿಸ್

*

ಮೆಡೆಲಿನ್
ಮಾರ್ಚ್ 27, 2023

ಮಾನ್ಯ ನೇವಿಸ್ ಬ್ರೊಚೇರೊ ಅವರಿಗೆ,

ನಿಮ್ಮ ಪತ್ರ ತಲುಪಿತು. ಬಸ್ ಡ್ರೈವರ್ ಬಾಗಿಲು ಬಡಿದು ಕೊಟ್ಟಿದ್ದಲ್ಲದೆ, ನಾನು ಓದಿ ಮುಗಿಸುವವರೆಗೂ ಹೊಸ್ತಿಲು ಬಿಟ್ಟು ಕದಲಲಿಲ್ಲ. "ಓದಿದ್ದು ಕಣ್ಣಾರೆ ನೋಡ್ಕೊಂಡೇ ಬಾ ಅಂತ ಅಕ್ಕ ಹೇಳವ್ರೆ" ಎಂದ. ಪಕ್ಕದ ಮನೆಯವರೆಲ್ಲ ಹೊರಗೆ ಬಂದು ನೋಡಿದರು. ಇದು ಸಭ್ಯರು ಮಾಡುವ ಕೆಲಸವಲ್ಲ.

ಪದ್ರಿನೊ ತೀರಿಕೊಂಡದ್ದಕ್ಕೆ ನನಗೂ ದುಃಖವಿದೆ. ಆ ವಾರ ಚಿತ್ರೀಕರಣವಿತ್ತು, ಬರಲಾಗಲಿಲ್ಲ. ಆದರೆ ರಾಗದ ವಿಷಯದಲ್ಲಿ ನೀವು ಹೇಳುವುದು ಸರಿಯಲ್ಲ. ನಮ್ಮ ಕಡೆಯ ರಾಗಗಳು ಯಾರಪ್ಪನ ಆಸ್ತಿಯೂ ಅಲ್ಲ. ಒಬ್ಬ ನುಡಿಸುತ್ತಾನೆ, ಇನ್ನೊಬ್ಬ ಕೇಳುತ್ತಾನೆ, ಮೂರನೆಯವನು ಬೇರೆ ಊರಿಗೆ ಒಯ್ಯುತ್ತಾನೆ. ಪದ್ರಿನೊ ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಅದಕ್ಕೊಂದು ಹೆಸರಿರಲಿಲ್ಲ, ಆ ರಾಗಕ್ಕೆ ಪದಗಳೇ ಇರಲಿಲ್ಲ. ನಡುವಿನ ಭಾಗವನ್ನು ನಾನು ಸೇರಿಸಿದೆ, ಹೆಸರನ್ನು ನಾನು ಕೊಟ್ಟೆ. ಈಗ ಜಪಾನಿನಲ್ಲಿ ಕೂತ ಹುಡುಗಿಯೊಬ್ಬಳು ಅದನ್ನು ನುಡಿಸಿ ನನಗೆ ವಿಡಿಯೊ ಕಳಿಸುತ್ತಾಳೆ. ನಾನಿಲ್ಲದಿದ್ದರೆ ಅದು ಪದ್ರಿನೊ ಜೊತೆಗೇ ಮಣ್ಣು ಸೇರುತ್ತಿತ್ತು.

ನೀವೂ ಚೆನ್ನಾಗಿ ನುಡಿಸುತ್ತೀರಿ. ಆದರೆ ಯಾರಿಗೆ ಕಲಿಸಿದಿರಿ? ಒಂದು ವಿಡಿಯೊ ಮಾಡಿದಿರಾ? ನನಗೆ ಕಲಿಸಿದ ಎಲ್ಲ ಹಿರಿಯರಿಗೆ ಧನ್ಯವಾದ ಎಂದು ಚಾನೆಲ್ಲಿನ ಕೊನೆಯಲ್ಲಿ ಒಂದು ಸಾಲು ಹಾಕಬಲ್ಲೆ. ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಮತ್ತೆ ಬರೆಯಬೇಡಿ.

ದೇಯ್ಮರ್ ಒರ್ಕಾಸಿತಾ

*

ಲಾ ಪಾಲ್ಮಿತಾ
ಏಪ್ರಿಲ್ 16, 2023
(ಇದನ್ನು ಈಗ ಬಸ್ಸಿಗೆ ಕೊಡುವುದಿಲ್ಲ. ಹಬ್ಬ ಮುಗಿದ ಮೇಲೆ ನಿನ್ನ ಕೈಸೇರುತ್ತದೆ.)

ದೇಯ್ಮರ್,

ನೀವಂತೆ, ಮಾನ್ಯರಂತೆ! ನನ್ನ ಸೊಂಟದ ಮೇಲೆ ಕೂತು ಮೂಗು ಒರೆಸಿಸಿಕೊಂಡವನು ನನಗೆ ಸಭ್ಯತೆಯ ಪಾಠ ಹೇಳುತ್ತಾನೆ. ಮೊದಲ ಸಲ ಓದಿದಾಗ ನಿನ್ನ ಕಾಗದವನ್ನು ಒಲೆಗೆ ಹಾಕಬೇಕು ಅನ್ನಿಸಿತ್ತು. ಎರಡನೆಯ ಸಲ ಓದಿದಾಗ ಬಾಣಲೆಯ ಮುಂದೆ ನಿಂತೇ ನಗಲು ಶುರು ಮಾಡಿದೆ. ಅರೆಪಾ ಸೀದುಹೋಯಿತು. "ಆ ರಾಗಕ್ಕೆ ಪದಗಳೇ ಇರಲಿಲ್ಲ" ಎಂದು ಬರೆದಿದ್ದೀಯ. ಅಯ್ಯೋ ಪೆದ್ದೇ! ಅದು ಪುಯಾ ಕಣೋ. ಓಟದ ಹಾಡು, ಹುಟ್ಟಿದ್ದೇ ಎದುರಾಳಿಯನ್ನು ಚುಚ್ಚುವುದಕ್ಕೆ. ಅಪ್ಪ ಅದನ್ನು ನಿಧಾನವಾಗಿ ನುಡಿಸುತ್ತಿದ್ದದ್ದು ನಿನಗೆ ಗೊತ್ತಾಗದಿರಲಿ ಅಂತ.

ನನಗೂ ಪದಗಳು ಪೂರ್ತಿ ನೆನಪಿರಲಿಲ್ಲ, ಅವನ್ನು ಹಾಡುತ್ತಿದ್ದಾಗ ನಾನು ಚಿಕ್ಕವಳು. ಅಪ್ಪನ ಜೊತೆ ಜೀವಮಾನವೆಲ್ಲ ಮೇಕೆ ಚರ್ಮದ ಡೋಲು ಬಾರಿಸಿದ ಫಿದೆಲಿನೊ ಇದ್ದಾನಲ್ಲ, ಅವನ ಮನೆಗೆ ಹೋಗಿ ಕೇಳಿದೆ. ಮೊದಲು ಶಿಲುಬೆಯ ಗುರುತು ಮಾಡಿಕೊಂಡ, ಆಮೇಲೆ ಬಾಗಿಲು ಹಾಕಿ ಬಂದು ಹಾಡಿದ. ನಿನ್ನಪ್ಪ ಚೇಮಾ ಹರೆಯದಲ್ಲಿ ನಿನ್ನಮ್ಮನನ್ನು ನೋಡಲು ಕದ್ದು ಹೋಗಿ, ನಾಯಿ ಅಟ್ಟಿಸಿಕೊಂಡು ಬಂದು, ಪ್ಯಾಂಟನ್ನು ಬೇಲಿಗೆ ಬಿಟ್ಟು ಮಾವಿನ ಮರ ಹತ್ತಿ ಕೂತ ಕತೆ ಅದು. ಬೆಳಗ್ಗೆ ನಿನ್ನ ತಾತ ಆ ಮರದ ಕೆಳಗೇ ಹಸು ಕರೆಯಲು ಕೂತನಂತೆ.

ಮಾವಿನ ಮರದಲ್ಲಿ ಯಾವುದೀ ಹಣ್ಣು?
ಪ್ಯಾಂಟಿಲ್ಲ ಪಟ್ಟಿಲ್ಲ, ಬರೀ ಎರಡು ಕಣ್ಣು!
ಚೇಮಾ ಚೇಮಾ, ಇಳಿಯೋ ಕೆಳಗೆ,
ನಾಯಿ ಕಾಯ್ತೈತೆ ಬೆಳಬೆಳಗ್ಗೆ!

ಹೀಗೆ ಇನ್ನೂ ಇವೆ, ಒಂದಕ್ಕಿಂತ ಒಂದು ಖಾರ. ನಿನ್ನಪ್ಪ ನನ್ನಪ್ಪ ಆಗ ಹಾವು ಮುಂಗುಸಿ. ಊರಿಗೂರೇ ಇದನ್ನು ಹಾಡಿ ನಿನ್ನಪ್ಪನ ಜೀವ ಹಿಂಡಿತ್ತು. ಆಮೇಲೆ ನೀನು ಹುಟ್ಟಿದೆ, ನನ್ನಪ್ಪ ನೆತ್ತಿಗೆ ನೀರು ಹಾಕಿದ, ಮಗುವಿನ ಅಪ್ಪ, ಮಗುವಿನ ಪದ್ರಿನೊ ಇಬ್ಬರೂ ಒಬ್ಬರಿಗೊಬ್ಬರು ಕಂಪಾದ್ರೆಗಳಾದರು. ಕಂಪಾದ್ರೆಯನ್ನು ಹಾಡಿ ಹೀಯಾಳಿಸುವಂತಿಲ್ಲ, ಅದು ನಮ್ಮಲ್ಲಿ ಒಡಹುಟ್ಟಿದವನಿಗೆ ಬೈದುದಕ್ಕಿಂತ ದೊಡ್ಡ ಪಾಪ. ಇಬ್ಬರೂ ಚರ್ಚಿನಲ್ಲಿ ತೀರ್ಥದ ತೊಟ್ಟಿಯ ಮೇಲೆ ಕೈಯಿಟ್ಟು ಆ ಪದಗಳನ್ನು ಹೂತರು. ಊರೂ ಬಾಯಿ ಮುಚ್ಚಿಕೊಂಡಿತು. ಉಳಿದದ್ದು ಬರೀ ರಾಗ. ಅದನ್ನೇ ನೀನು ಕದ್ದು, ನಿನ್ನಪ್ಪನ ಬೆತ್ತಲೆ ಕಾಲಿನ ಹಾಡಿಗೆ ‘ಊರ ಕಡೆಯ ಗಾಳಿ’ ಅಂತ ಹೆಸರಿಟ್ಟು ಲೋಕಕ್ಕೆಲ್ಲ ಕಲಿಸುತ್ತಿದ್ದೀಯ!

ನವೆಂಬರಿನಲ್ಲಿ ಸಂತ ಮಾರ್ಟಿನನ ಹಬ್ಬ, ಚೌಕದಲ್ಲಿ ಅಕಾರ್ಡಿಯನ್ ಸ್ಪರ್ಧೆ. ನಿನ್ನನ್ನು ಮುಖ್ಯ ಅತಿಥಿ ಮಾಡಿಸುತ್ತೇನೆ. ಆ ರಾಗವನ್ನು ನೀನೇ ನಿನ್ನ ಕೈಯಾರೆ ನುಡಿಸುತ್ತೀಯ. ಹಾಡುವವರು ಊರವರು. ಹಳಬರಿಗೆ ಪದ ನೆನಪಿದೆ. ಹೊಸಬರಿಗೆ ಫೋನಿನಲ್ಲಿ ಹಾಡಿ ಕಳಿಸುತ್ತೇನೆ, ಒಬ್ಬರಿಂದ ಒಬ್ಬರಿಗೆ ಹೋಗಲಿ. ನೀನು ರಾಗ ಹಂಚಿದ ಹಾಗೆ ನಾನು ಪದ ಹಂಚುತ್ತೇನೆ. ನಿನ್ನಪ್ಪನ ಬಿಲಿಯರ್ಡ್ಸ್ ಅಂಗಡಿಗೆ ಮಾತ್ರ ಸುದ್ದಿ ಹೋಗದಂತೆ ನೋಡಿಕೊಂಡರಾಯಿತು. ಅವನ ಹತ್ತಿರ ಇರುವುದು ಮಾತಾಡಲಷ್ಟೇ ಬರುವ ಹಳೆಯ ಫೋನು.

ಅಪ್ಪನ ಆಣೆಯನ್ನು ನಾನು ಮುರಿಯುತ್ತಿದ್ದೇನೆ. ಅದು ಗೊತ್ತಿದ್ದೇ ಮಾಡುತ್ತಿದ್ದೇನೆ. ಎರಡು ಸಲ ಗೋರಿಯ ಹತ್ತಿರ ಹೋಗಿ, ಹೇಳಲಾಗದೆ ವಾಪಸ್ ಬಂದೆ. ಆದರೆ ಮುಚ್ಚಿದ ಆ ಪೆಟ್ಟಿಗೆ ಕಣ್ಣಿಗೆ ಬಿದ್ದಾಗಲೆಲ್ಲ ಈ ಪದಗಳನ್ನು ಇನ್ನೊಂದು ಸಲ ಬಾಯಿಪಾಠ ಮಾಡುತ್ತೇನೆ.

ನೇವಿಸ್

*

ಲಾ ಪಾಲ್ಮಿತಾ
ಜೂನ್ 18, 2023

ಪ್ರೀತಿಯ ತಮ್ಮ ದೇಯ್ಮರ್,

ಮಾರ್ಚಿನಲ್ಲಿ ನಾನು ಬರೆದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಅಪ್ಪ ಹೋದ ಸಂಕಟದಲ್ಲಿ ಬಾಯಿಗೆ ಬಂದದ್ದು ಬರೆದೆ. ನೀನು ಹೇಳಿದ್ದು ಯೋಚಿಸಿದರೆ ಸರಿಯೇ, ರಾಗಕ್ಕೆ ಯಾರು ಬೇಲಿ ಹಾಕುತ್ತಾರೆ?

ಹಬ್ಬದ ಸಮಿತಿಯವರು ಈ ಸಲ ಮುಖ್ಯ ಅತಿಥಿ ಯಾರು ಅಂತ ತಲೆ ಕೆಡಿಸಿಕೊಂಡಿದ್ದರು. ನಾನೇ ನಿನ್ನ ಹೆಸರು ಹೇಳಿದೆ. "ನಮ್ಮೂರ ಹುಡ್ಗ ಇಡೀ ಲೋಕಕ್ಕೆ ಮೇಷ್ಟ್ರಾಗವ್ನೆ, ಹೊರಗಿನೋರು ನಮಗ್ ಯಾಕೆ?" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನವೆಂಬರ್ ಹನ್ನೊಂದು, ಶನಿವಾರ, ಚೌಕದ ವೇದಿಕೆ. ಡೋಲಿಗೆ ಫಿದೆಲಿನೊ ಇರುತ್ತಾನೆ. ‘ಊರ ಕಡೆಯ ಗಾಳಿ’ ನುಡಿಸಲೇಬೇಕು, ಜನ ಅದಕ್ಕೇ ಕಾಯುತ್ತಿದ್ದಾರೆ. ಬರುತ್ತೀಯಲ್ಲ?

ನಿನ್ನ ಅಕ್ಕ
ನೇವಿಸ್

*

ಮೆಡೆಲಿನ್
ಜುಲೈ 10, 2023

ನೇವಿಸಕ್ಕ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಿಜ ಹೇಳಲಾ? ನೀನು ವಿಡಿಯೊದ ಕೆಳಗೆ ಬರೆದದ್ದನ್ನೆಲ್ಲ ಅಳಿಸುವ ಮೊದಲು ಪೂರ್ತಿ ಓದಿದ್ದೆ. ಒಂದೊಂದೂ ಎದೆಗೆ ಒದ್ದ ಹಾಗಿತ್ತು. ಅದಕ್ಕೇ ಅಳಿಸಿದೆ. ಮಾನ್ಯ ಗೀನ್ಯ ಅಂತೆಲ್ಲ ಬರೆದೆನಲ್ಲ, ಆ ಕಾಗದವನ್ನು ಹರಿದುಹಾಕಿಬಿಡು.

ಬರುತ್ತೇನೆ, ಬರದೆ ಇರುತ್ತೇನೆಯೇ! ಕ್ಯಾಮೆರಾದವರನ್ನೂ ಕರೆತರುತ್ತೇನೆ. ಇಡೀ ಕಾರ್ಯಕ್ರಮ ಚಾನೆಲ್ಲಿನಲ್ಲಿ ನೇರ ಪ್ರಸಾರ. ಲಾ ಪಾಲ್ಮಿತಾ ಎಲ್ಲಿದೆ ಅಂತ ಕೇಳುವವರು ಇನ್ನು ಮೇಲೆ ಕೇಳಬಾರದು. ಬಂದ ದಿನವೇ ನಿಮ್ಮ ಮನೆಗೆ ಬರುತ್ತೇನೆ, ಬೇಯಿಸಿದ ಬಾಳೆಕಾಯಿಯ ಮೇಲೆ ಗಿಣ್ಣು ತುರಿದು ಇಟ್ಟಿರು, ಮೊದಲಿನ ಹಾಗೆ.

ಇನ್ನೊಂದು ಮಾತು. ಅಪ್ಪನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸು, ನೀನೇ ಕೈಹಿಡಿದು ಕೂರಿಸು. ನನ್ನ ಒಂದೇ ಒಂದು ಪಾಠವನ್ನೂ ಅಪ್ಪ ನೋಡಿಲ್ಲ. ಹೋದ ಸಲ ಫೋನ್ ತೆಗೆದು ತೋರಿಸಲು ಹೋದರೆ, "ಬರೀ ಬೆರಳು ಕಾಣ್ಸೋ ಸಂಗೀತ ಯಾವನಿಗ್ ಬೇಕು? ಆ ಬೆರಳಿನ ಹಿಂದೆ ಮನುಷ್ಯ ಅವ್ನೋ ಇಲ್ವೋ?" ಅಂತ ಮುಖ ತಿರುಗಿಸಿದ. ಅಕಾರ್ಡಿಯನ್ನಿನ ಬಗ್ಗೆ ಅವನಿಗೇನು ಗೊತ್ತು ಹೇಳು, ಅವನ ಕೈಯಲ್ಲಿ ಬಿಲಿಯರ್ಡ್ಸ್ ಕೋಲು ಬಿಟ್ಟು ಬೇರೇನೂ ನಾನು ನೋಡಿಲ್ಲ. ಆದರೂ ಒಂದು ಸಲ, ಚೌಕದಲ್ಲಿ, ಊರೆಲ್ಲ ಚಪ್ಪಾಳೆ ತಟ್ಟುವಾಗ ಅವನು ನನ್ನನ್ನು ನೋಡಬೇಕು. ನನಗೆ ಅಷ್ಟು ಸಿಕ್ಕರೆ ಸಾಕು ಅಕ್ಕ.

ಆ ದಿನ ವೇದಿಕೆಯ ಮೇಲೆ ಪದ್ರಿನೊ ಹೆಸರು ಹೇಳಬೇಕೆಂದಿದ್ದೇನೆ. ರಾಗ ಅವರದೇ ಎಂದು ಹೇಳಿಬಿಡುತ್ತೇನೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಬೇಡ, ನನಗೇ ಗೊತ್ತಿಲ್ಲ.

ನಿನ್ನ ತಮ್ಮ
ದೇಯ್ಮರ್

*

ಲಾ ಪಾಲ್ಮಿತಾ
ಸೆಪ್ಟೆಂಬರ್ 2, 2023

ತಮ್ಮ ದೇಯ್ಮರ್,

ಉತ್ತರ ತಡವಾಯಿತು. ಏನು ಬರೆಯಬೇಕು ಅಂತ ಬಹಳ ದಿನ ಯೋಚಿಸಿದೆ.

ಅಪ್ಪನ ಹೆಸರು ಹೇಳುತ್ತೇನೆ ಅಂದೆಯಲ್ಲ, ಸಂತೋಷ. ಆದರೆ ಮೊದಲೇ ಹೇಳಬೇಡ. ಮೊದಲು ರಾಗ ನುಡಿಸು, ಮುಗಿಸು, ಆಮೇಲೆ ಹೆಸರು ಹೇಳು. ಹಾಗೆ ಮಾಡಿದರೆ ಜನಕ್ಕೆ ಚೆನ್ನಾಗಿ ನಾಟುತ್ತದೆ.

ನಿನ್ನಪ್ಪನ ಕುರ್ಚಿಗೆ ಹೇಳಿದ್ದೇನೆ. ಮುಂದಿನ ಸಾಲು, ನಟ್ಟನಡುವೆ. ನಾನೇ ಕೂರಿಸುತ್ತೇನೆ.

ನೇವಿಸ್

*

ಮೆಡೆಲಿನ್
ನವೆಂಬರ್ 14, 2023

ನೇವಿಸ್,

ಇನ್ನು ಮೇಲೆ ಅಕ್ಕ ಅನ್ನುವುದಿಲ್ಲ.

ಎಷ್ಟು ತಿಂಗಳಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ? ಬಾಳೆಕಾಯಿ ಬಡಿಸುವಾಗ ಒಂದು ಸಲವಾದರೂ ಹೇಳಿಬಿಡೋಣ ಅನ್ನಿಸಲಿಲ್ಲವೇ? ವೇದಿಕೆಗೆ ಹೊರಡುವ ಮೊದಲು ಆ ಲಕೋಟೆಯನ್ನು ಅಕಾರ್ಡಿಯನ್ನಿನ ಪೆಟ್ಟಿಗೆಯ ಜೇಬಿಗೆ ತುರುಕಿ, "ಎಲ್ಲ ಮುಗಿದ ಮೇಲೆ ಓದು, ಆಶೀರ್ವಾದ ಬರೆದಿದ್ದೀನಿ" ಅಂದೆಯಲ್ಲ! ಬಸ್ಸಿನಲ್ಲಿ ಕೂತು ಓದಿದೆ. ಏಪ್ರಿಲ್ ಹದಿನಾರನೇ ತಾರೀಖಿನ ಆಶೀರ್ವಾದ.

ನನ್ನ ಕಡೆಯಿಂದ ಹೇಗಿತ್ತು ಗೊತ್ತೇ ನಿನಗೆ? ನಾನು ನಿಧಾನವಾಗಿ ಶುರು ಮಾಡಿದೆ. ಫಿದೆಲಿನೊ ಡೋಲಿನ ಮೇಲೆ ಓಟ ಹಿಡಿದ. ಸರಿ, ಹುರುಪಿನಲ್ಲಿದ್ದಾನೆ ಮುದುಕ ಅಂದುಕೊಂಡು ನಾನೂ ಓಡಿದೆ. ಆಗ ಹಿಂದಿನ ಸಾಲಿನಿಂದ ಒಬ್ಬಳು ಹಾಡಿದಳು. ಆಮೇಲೆ ನಾಲ್ಕು ಜನ. ಆಮೇಲೆ ಇಡೀ ಚೌಕ. ನನ್ನ ರಾಗಕ್ಕೆ ಊರವರು ಪದ ಕಟ್ಟಿದ್ದಾರೆ ಅಂತ ನಾನು ನಗುತ್ತಿದ್ದೆ ನೇವಿಸ್! ‘ಚೇಮಾ ಚೇಮಾ, ಇಳಿಯೋ ಕೆಳಗೆ’ ಕೇಳಿದ ಮೇಲೆಯೇ ನನಗೆ ಅರ್ಥವಾದದ್ದು. ನಿಲ್ಲಿಸಬೇಕು ಅಂದುಕೊಂಡೆ, ಬೆರಳು ನಿಲ್ಲಲಿಲ್ಲ. ಅಪ್ಪನನ್ನು ನೋಡಿದೆ. ಎದ್ದು ನಿಂತಿದ್ದ. ಒಂದು ಕೈ ಎದೆಯ ಮೇಲಿತ್ತು. ನನ್ನಿಂದ ಆಗಲಿಲ್ಲ. ಅಕಾರ್ಡಿಯನ್ನನ್ನು ಕುರ್ಚಿಯ ಮೇಲೆ ಬಿಟ್ಟು, ಖಾಲಿ ಪೆಟ್ಟಿಗೆ ಎತ್ತಿಕೊಂಡು, ಹಿಂದಿನ ಮೆಟ್ಟಿಲು ಇಳಿದು ಓಡಿದೆ. ಪ್ರಸಾರ ನಿಲ್ಲಿಸಿ ಅಂತ ಕ್ಯಾಮೆರಾದವರಿಗೆ ಕೂಗಿಕೊಂಡೇ ಓಡಿದೆ. ಅಷ್ಟರೊಳಗೆ ನೋಡುವವರೆಲ್ಲ ನೋಡಿಯಾಗಿತ್ತು. ಈಗ ನನ್ನ ಶಿಷ್ಯರು ನನಗೇ ಮಾವಿನ ಹಣ್ಣಿನ ಚಿತ್ರ ಕಳಿಸುತ್ತಿದ್ದಾರೆ. ನನ್ನ ಮಾನ ಮೂರಾಬಟ್ಟೆ ಮಾಡಿದೆ, ಇರಲಿ. ನಾನು ಮಾಡಿದ್ದಕ್ಕೆ ನನಗೆ ಆಯಿತು ಅಂತ ಬೇಕಾದರೆ ಅನ್ನು.

ಆದರೆ ನನ್ನಪ್ಪ ನಿನಗೇನು ಮಾಡಿದ್ದ? ನನ್ನ ಬಾಯಿಂದ ಕೇಳಿಕೊಂಡೇ ಅವನಿಗೆ ಕುರ್ಚಿ ಹಾಕಿದೆ. ನಿನ್ನಪ್ಪ ತೀರ್ಥದ ತೊಟ್ಟಿಯ ಮೇಲೆ ಕೈಯಿಟ್ಟು ಹೂತದ್ದನ್ನು ನೀನು ಅಗೆದು ತೆಗೆದೆ. ನಾನು ಕದ್ದದ್ದು ಒಂದು ರಾಗ. ನೀನು ಮಾಡಿದ್ದಕ್ಕೆ ಏನು ಹೆಸರು?

ಅಪ್ಪ ಫೋನ್ ಎತ್ತುತ್ತಿಲ್ಲ. ಅಂಗಡಿಯ ಫೋನೂ ಸುಮ್ಮನೆ ಬಡಿದುಕೊಳ್ಳುತ್ತಿದೆ. ಹೇಗಿದ್ದಾನೆ? ಏನಾದರೂ ಆಗಿದೆಯೇ? ನನ್ನ ಮೇಲೆ ನಿನಗಿರುವ ಸಿಟ್ಟೆಲ್ಲ ಇರಲಿ, ಇದೊಂದಕ್ಕೆ ಉತ್ತರ ಕೊಡು. ನಿನ್ನ ನಂಬರಿಗೆ ಹಾಕಿದ್ದ ತಡೆಯನ್ನೂ ತೆಗೆದಿದ್ದೇನೆ.

ದೇಯ್ಮರ್

*

ಲಾ ಪಾಲ್ಮಿತಾ
ಡಿಸೆಂಬರ್ 1, 2023

ದೇಯ್ಮರ್,

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ನಿನ್ನಪ್ಪ ಬದುಕಿದ್ದಾನೆ. ನನಗಿಂತ ನಿನಗಿಂತ ಚೆನ್ನಾಗಿ ಬದುಕಿದ್ದಾನೆ. ಎದೆಯ ಮೇಲೆ ಕೈಯಿಟ್ಟದ್ದು ನೋವಿಗಲ್ಲ, ಅಂಗಿಯ ಜೇಬಿನಲ್ಲಿ ಕನ್ನಡಕ ಹುಡುಕುತ್ತಿದ್ದ. ಅರೆಗಳಿಗೆ ನಿಂತಿದ್ದರೆ ನಿನಗೇ ಕಾಣುತ್ತಿತ್ತು.

ಆಣೆ ಮುರಿದೆ ಅಂತ ಬರೆದಿದ್ದೀಯ. ಮುರಿದೆ. ಅದಕ್ಕೆ ನಾನು ನನ್ನಪ್ಪನಿಗೆ ಉತ್ತರ ಕೊಡಬೇಕು, ನಿನಗಲ್ಲ. ನೀನು ಕಾಲ್ಕಿತ್ತ ಮೇಲೆ ಏನಾಯಿತು ಅಂತ ಕೇಳು. ನಿನ್ನ ಪ್ರಸಾರದಲ್ಲಿ ಅದು ಬರಲಿಲ್ಲವಲ್ಲ.

ಫಿದೆಲಿನೊ ಡೋಲು ನಿಲ್ಲಿಸಲಿಲ್ಲ. ನಿನ್ನಪ್ಪ ಕನ್ನಡಕ ಹಾಕಿಕೊಂಡು, ಮುಂದಿನ ಮೆಟ್ಟಿಲು ಹತ್ತಿ ವೇದಿಕೆಗೆ ಬಂದ. ನಾನು ಮೈಕಿನ ಹತ್ತಿರವೇ ನಿಂತಿದ್ದೆ, ನನಗೆ ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ, ತಡೆಯುವುದಿಲ್ಲ ಅಂತಲೂ ಅಂದುಕೊಂಡೆ. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕುರ್ಚಿಯ ಮೇಲಿದ್ದ ನಿನ್ನ ಅಕಾರ್ಡಿಯನ್ ಎತ್ತಿ, ಪಟ್ಟಿಗೆ ತೋಳು ತೂರಿಸಿ ಕೂತ. ಬಿಲಿಯರ್ಡ್ಸ್ ಕೋಲು ಬಿಟ್ಟು ಬೇರೇನೂ ಅವನ ಕೈಯಲ್ಲಿ ನೋಡಿಲ್ಲ ಅಂದಿದ್ದೆಯಲ್ಲ? ಆ ಕೈ ತಿದಿಯನ್ನು ಒಂದು ಸಲ ಎಳೆದು ಬಿಟ್ಟದ್ದು ನೋಡಿದ ಕೂಡಲೇ ನನಗೆ ಗೊತ್ತಾಯಿತು, ನಾನೊಂದು ದೊಡ್ಡ ತಪ್ಪು ಮಾಡಿದ್ದೇನೆ ಅಂತ. ಹಾಡಿದ:

ಬೈಯೋಕೆ ಬಂದೋನು ಬರಿಗೈಲಿ ಬಂದ,
ನನ್ನದೇ ರಾಗಾನ ಸಾಲಕ್ಕೆ ತಂದ!
ಮರ ಹತ್ತಿದ್ ನಾನು ಹೆಣ್ಣನ್ನ ಗೆದ್ದೆ,
ಕೆಳಗ್ ನಿಂತ ತೊರಿಬಿಯೊ, ನೀ ಏನು ಮೆದ್ದೆ?

ಜನ ಟೋಪಿಗಳನ್ನು ಮೇಲಕ್ಕೆ ಎಸೆದು ಕುಣಿದರು. ಹಾಡುತ್ತಲೇ ಹೋದ, ಒಂದು ಪದಕ್ಕೂ ತಡವರಿಸಲಿಲ್ಲ. ಆ ಮಾವಿನ ಮರದ ಕತೆ ನನ್ನಪ್ಪನಿಗೆ ಹೇಗೆ ಗೊತ್ತಾಯಿತು ಅಂತ ಊರನ್ನೇ ಕೇಳಿದ. ಆ ಹೊತ್ತಿನಲ್ಲಿ ಅವನೂ ಅದೇ ಹುಡುಗಿಗಾಗಿ ಅದೇ ಬೇಲಿಯ ಹತ್ತಿರ ನಿಂತಿರದಿದ್ದರೆ ಹೇಗೆ ಗೊತ್ತಾಗುತ್ತಿತ್ತು ಅಂತ. ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಇಳಿದು ಬಂದಮೇಲೆ ನನ್ನ ಗಲ್ಲ ಹಿಡಿದ. "ನಿಮ್ಮಪ್ಪನ್ ಬಾಯಿ ಮುಚ್ಸೋಕೆ ಈ ಜವಾಬು ಕಟ್ಟಿ ಇಟ್ಕೊಂಡಿದ್ದೆ ಕಣವ್ವ. ಆ ವರ್ಷದ ಹಬ್ಬಕ್ಕೆ ಹಾಡ್ಬೇಕು, ಅಷ್ಟ್ರಲ್ಲಿ ನನ್ ಮಗನ ನೆತ್ತಿ ಮೇಲೆ ನೀರ್ ಹಾಕ್ಬುಟ್ಟ. ಕಂಪಾದ್ರೆ ಆದ್ಮೇಲೆ ಹೆಂಗ್ ಹಾಡ್ಲಿ? ಅವತ್ತೇ ಅಕಾರ್ಡಿಯನ್ ಮಾರ್ದೆ. ಜವಾಬು ಮಾತ್ರ ಒಳಗೇ ಕೊಳೀತಾ ಬಿದ್ದಿತ್ತು. ನೀನು ಬಾಗ್ಲು ತೆಗ್ದೆ" ಅಂದ.

ರಾಗ ಅವನದೇ. ನಿನ್ನಮ್ಮನಿಗೆ ಕೇಳಿಸಲೆಂದು ಕಟ್ಟಿದ ರಾಗ. ಒಬ್ಬನನ್ನು ಬೈಯಬೇಕಾದರೆ ಅವನ ರಾಗವನ್ನೇ ಕಿತ್ತುಕೊಂಡು ಬೈಯುವುದು ಹಳಬರ ಪದ್ಧತಿಯಂತೆ. ಹೀಗಂತ ಮೊದಲೇ ಯಾಕೆ ಹೇಳಲಿಲ್ಲ ಅಂತ ಫಿದೆಲಿನೊ ಮೇಲೆ ಹಾರಿಬಿದ್ದೆ. "ನೀನ್ ಪದ ಕೇಳ್ದೆ, ಪದ ಹೇಳ್ದೆ. ರಾಗ ಯಾರ್ದು ಅಂತ ಕೇಳಿದ್ಯಾ?" ಅಂತ ಬಾಯಿ ಚಪ್ಪರಿಸಿದ. ಆ ದಿನ ಸಿಟ್ಟಿಗೆ ಅತ್ತೆ ಕಣೋ. ನನ್ನಪ್ಪನದು ಅಂತ ನಿನ್ನ ಕೊರಳಪಟ್ಟಿ ಹಿಡಿದದ್ದು ನನ್ನಪ್ಪನದಾಗಿರಲಿಲ್ಲ. ನೀನು ಕದ್ದದ್ದು ನಿನ್ನ ಮನೆಯದನ್ನೇ. ನಿನ್ನ ವಿಡಿಯೊ ನೋಡಿ ಅಪ್ಪ ಪೆಟ್ಟಿಗೆ ಮುಚ್ಚಿದ್ದು ನೋವಿಗೋ, ರಾಗ ಅದರ ಮನೆ ಸೇರಿತಲ್ಲ ಅನ್ನುವ ನೆಮ್ಮದಿಗೋ, ಈಗ ನನಗೆ ಗೊತ್ತಾಗುತ್ತಿಲ್ಲ. ನಿನಗೆ ಗೊತ್ತು ಅಂತ ನೀನು ಬಾಯಿ ಬಿಡಬೇಡ.

ಚೌಕದ ಹಾಡನ್ನು ಯಾರೋ ತಮ್ಮ ಫೋನಿನಲ್ಲಿ ಹಿಡಿದಿದ್ದರು. ಅದನ್ನು ನಾನೇ ಎಲ್ಲರೂ ನೋಡುವ ಹಾಗೆ ಹಾಕಿದ್ದೇನೆ. ಕೆಳಗೆ ಬರೆದಿದ್ದೇನೆ: ರಾಗ, ಚೇಮಾ ಒರ್ಕಾಸಿತಾ. ಸವಾಲಿನ ಪದ, ತೊರಿಬಿಯೊ ಬ್ರೊಚೇರೊ. ಜವಾಬು, ಚೇಮಾ ಒರ್ಕಾಸಿತಾ. ನನ್ನಪ್ಪನ ಹೆಸರು ಎರಡನೆಯದಾಗಿ ಬಂತು, ಅದನ್ನು ನಾನು ನುಂಗಿಕೊಂಡಿದ್ದೇನೆ. ನಿನ್ನ ಹೆಸರಿಗೆ ಎಲ್ಲೂ ಜಾಗವಿಲ್ಲ. ನೋಡಿದವರು ಕೇಳುತ್ತಿದ್ದಾರೆ, ಮೇಷ್ಟ್ರು ಎಲ್ಲಿ ಓಡಿಹೋದರು ಅಂತ.

ನಿನ್ನ ಫೋನನ್ನು ಅವನು ಎತ್ತದಿರುವುದು ಹಾಡಿನ ಸಿಟ್ಟಿಗಲ್ಲ. ಎದುರಿಗೆ ನಿಂತು ಬೈದರೆ ಎದುರಿಗೆ ನಿಂತು ಜವಾಬು ಕೊಡಬೇಕು, ಸೋತರೂ ನಿಂತು ಸೋಲಬೇಕು. ನೀನು ಓಡಿದೆ, ಅಕಾರ್ಡಿಯನ್ ಬಿಟ್ಟು ಓಡಿದೆ. "ಪ್ಯಾಂಟ್ ಬಿಟ್ಟು ಓಡಿದ್ರೂ ನಾನ್ ಮರ ಹತ್ತಿ ಅಲ್ಲೇ ಕೂತಿದ್ದೆ" ಅನ್ನುತ್ತಾನೆ. ನಿನ್ನ ವಾದ್ಯ ಈಗ ಅವನ ಹತ್ತಿರವೇ ಇದೆ, ವಾಪಸ್ ಕೊಡುವ ಮಾತೇ ಇಲ್ಲವಂತೆ.

ಹಬ್ಬವಾದ ಸೋಮವಾರ ಅದನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಅಂಗಳಕ್ಕೆ ಬಂದ. "ಆಣೆ ಮುರೀತಲ್ಲ, ಇನ್ನು ನಿಮ್ಮಪ್ಪ ನನ್ನ ಕಂಪಾದ್ರೆ ಅಲ್ಲ, ಮೊದಲಿನ ಹಾಗೆ ವೈರಿ. ವೈರಿ ಮನೇಲಿ ಕೂತು ಬೈಯೋದು ನನ್ನ ಹಕ್ಕು" ಅಂದ. ಅಂದಿನಿಂದ ಬಿಲಿಯರ್ಡ್ಸ್ ಅಂಗಡಿಗೆ ಮಧ್ಯಾಹ್ನ ಬೀಗ ಹಾಕಿ ಇಲ್ಲಿಗೇ ಬರುತ್ತಾನೆ. ನನ್ನಪ್ಪನನ್ನು ಬೈಯುತ್ತಾನೆ, ನಾನು ಅವನನ್ನು ಬೈಯುತ್ತೇನೆ, ಕಾಫಿ ಕುಡಿಯುತ್ತೇವೆ. ಅಪ್ಪನ ಪೆಟ್ಟಿಗೆ ತೆಗೆದಿದ್ದೇನೆ. ಎರಡು ಅಕಾರ್ಡಿಯನ್ನು ಎದುರುಬದುರು. ಮಾರುವ ಮೊದಲು ಕಟ್ಟಿದ ರಾಗಗಳೆಲ್ಲ ಅವನ ಕೈಯಲ್ಲಿ ಹಾಗೆಯೇ ಇವೆ, ಯಾರೂ ಕೇಳಿಲ್ಲದವು. ಒಂದೊಂದಾಗಿ ನನಗೆ ಕೊಡುತ್ತಿದ್ದಾನೆ.

ನೀನು ಮೆಡೆಲಿನ್ನಿನಲ್ಲಿ ಕೂತು ಫೋನ್ ಬಡಿಯುತ್ತಿರುವಾಗ ಅವನು ನನ್ನ ಎದುರಿಗೆ ಕೂತಿರುತ್ತಾನೆ, ದೇಯ್ಮರ್. ನಿನ್ನ ಹೆಸರು ಪರದೆಯ ಮೇಲೆ ಮೂಡುವುದು ನನಗೂ ಕಾಣುತ್ತದೆ. ಅವನು ಫೋನನ್ನು ಮಗುಚಿ ಇಟ್ಟು ಮುಂದಿನ ರಾಗ ಎತ್ತಿಕೊಳ್ಳುತ್ತಾನೆ. ಆಗ ನನಗೆ ಸಂತೋಷವಾಗುವುದಿಲ್ಲ ಅಂತ ಸುಳ್ಳು ಹೇಳಲಾರೆ.

ನಿನ್ನೆ ಪಾಸೆಯೊ ರಾಗ ಒಂದನ್ನು ಹೇಳಿಕೊಟ್ಟ, ನಿಧಾನ, ಕೇಳಿದರೆ ಕರುಳು ಹಿಂಡುವಂಥದ್ದು. ನೀನು ಹುಟ್ಟುವ ಮೊದಲು, ನಿನ್ನಮ್ಮನ ಹೊಟ್ಟೆಯಲ್ಲಿದ್ದಾಗ ನಿನಗಾಗಿಯೇ ಕಟ್ಟಿದ್ದಂತೆ. ನನಗೇ ಒಂಥರಾ ಆಯಿತು. "ಚೇಮಾ ಚಿಕ್ಕಪ್ಪ, ಇದೊಂದನ್ನಾದ್ರೂ ದೇಯ್ಮರ್‌ಗೆ ಹೇಳ್ಕೊಡ್ಬೇಡ್ವಾ?" ಅಂತ ಕೇಳಿದೆ. ತಿದಿ ಮುಚ್ಚಿ, ಪಟ್ಟಿ ಬಿಗಿ ಮಾಡಿಕೊಂಡ.

"ಅವನಿಗ್ ಯಾಕವ್ವ? ಅವನು ವಿಡಿಯೊ ನೋಡಿ ಕಲೀತಾನೆ."

ನಾನು ಇದರ ವಿಡಿಯೊ ಮಾಡುತ್ತಿಲ್ಲ.

ನೇವಿಸ್